ತುಂಬಿದ ಟ್ಯಾಂಕು ತುಳುಕುತ್ತದೆ

‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆ ಕಟ್ಟಿದವರ ಮನೆಯಲ್ಲಿ ದೋಣಿ ಇದ್ದಿರಲಿಕ್ಕಿಲ್ಲ. ಇದ್ದರೂ ಅದಕ್ಕೆ ಎಂಜಿನ್ ಇದ್ದಿರಲಿಕ್ಕಿಲ್ಲ. ಇದ್ದಿದ್ದರೆ, ಬೆಳಿಗ್ಗೆ ಕಂಠಮಟ್ಟ ಪೆಟ್ರೋಲು ತುಂಬಿಸಿ ಬಿಸಿಲಿಗೆ ಇಟ್ಟ ಟ್ಯಾಂಕು ಮಧ್ಯಾಹ್ನದ ಹೊತ್ತಿಗೆ ಏನು ಮಾಡುತ್ತದೆಂದು ಅವರ ಹೆಂಡತಿ ಅವರಿಗೆ ಬಿಡಿಸಿ ಹೇಳುತ್ತಿದ್ದಳು. ಗಾದೆ ಅಲ್ಲಿಗೇ ಮುಗಿಯುತ್ತಿತ್ತು.

ನಮ್ಮದು ಕುಂದಾಪುರದ ಕಡೆಯ ಒಂದು ಕುದ್ರು. ಸುತ್ತ ಹೊಳೆ, ನಡುವೆ ತೆಂಗಿನ ತೋಟ, ತೋಟದ ನಡುವೆ ನಾವು. ಹಾಲಿನ ಪ್ಯಾಕೆಟ್ಟಿನಿಂದ ಹಿಡಿದು ನೆಂಟರವರೆಗೆ ಎಲ್ಲವೂ ದೋಣಿಯಲ್ಲೇ ಬರಬೇಕು. ಅಪ್ಪಯ್ಯ ಜಲ್ಲೆ ಊರಿ ದೋಣಿ ನೂಕುತ್ತಿದ್ದರು. ನಾನು ವಿಜ್ಞಾನದ ಮಾಸ್ಟ್ರು, ಪ್ರಗತಿಯಲ್ಲಿ ನಂಬಿಕೆ ಇಟ್ಟವನು. ನಿವೃತ್ತಿಯ ಹಣ ಕೈಗೆ ಬಂದದ್ದೇ ಒಂದು ಪುಟ್ಟ ಟೂ-ಸ್ಟ್ರೋಕ್ ಎಂಜಿನನ್ನೂ 24 ಲೀಟರಿನ ಕೆಂಪು ಪ್ಲಾಸ್ಟಿಕ್ ಟ್ಯಾಂಕನ್ನೂ ತಂದೆ. ಎಂಜಿನ್ ರಿಪೇರಿ ಭಾವನದು. ಅವರು ಗಂಗೊಳ್ಳಿಯಲ್ಲಿ ನಾಡದೋಣಿ ಇಟ್ಟುಕೊಂಡವರು. ದೋಣಿ ನಡೆಸುವುದು ಹೆಂಡತಿ. ಟ್ಯಾಂಕು ತುಂಬಿಸುವ ಖಾತೆ ನನಗೆ. ‘ಅದ್ರಲ್ಲಿ ಹಾಳ್ ಮಾಡೂಕೆ ಎಂತದೂ ಇಲ್ಲೆ’ ಎಂದು ಅಣ್ಣ ತಂಗಿ ಇಬ್ಬರೂ ಒಮ್ಮತದಿಂದ ತೀರ್ಮಾನಿಸಿದ್ದರು. ನನ್ನ ಯೋಗ್ಯತೆ ಎಷ್ಟೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ವಸ್ತುಗಳು ಕಾದಾಗ ಹಿಗ್ಗುತ್ತವೆ ಎಂದು ಹೈಸ್ಕೂಲು ಮಕ್ಕಳಿಗೆ ಜೀವಮಾನವಿಡೀ ಉರು ಹೊಡೆಸಿದವನು ನಾನು. ರೈಲು ಹಳಿಗಳ ನಡುವಿನ ಸಂದು ತೋರಿಸದ ಚಿತ್ರಕ್ಕೆ ಮುಲಾಜಿಲ್ಲದೆ ಅಂಕ ಕತ್ತರಿಸಿದವನು. ಆ ನಿಯಮ ಹಳಿಗಳಿಗೆ ಮಾತ್ರ, ಅದೂ ಪರೀಕ್ಷೆಯ ದಿನ ಮಾತ್ರ ಎಂದು ನನ್ನ ಒಳಮನಸ್ಸು ಭಾವಿಸಿತ್ತೆಂದು ಕಾಣುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಪೆಟ್ರೋಲು ಸಾವಿರಕ್ಕೆ ಸುಮಾರು ಒಂದು ಪಾಲು ಹಿಗ್ಗುತ್ತದೆ. ಸಾವಿರಕ್ಕೆ ಒಂದು ಯಾವ ಲೆಕ್ಕ ಎಂದು ಮೂಗು ಮುರಿಯಬೇಡಿ. ಬೆಳಗಿನ ತಂಪಿಗೆ 25 ಡಿಗ್ರಿ ಇದ್ದದ್ದು ಕರಾವಳಿಯ ಏಪ್ರಿಲ್ ಬಿಸಿಲಿಗೆ 45 ಆಯಿತೆನ್ನಿ. 24 ಲೀಟರಿಗೆ ಅರ್ಧ ಲೀಟರಿನ ಹತ್ತಿರ ಹೆಚ್ಚಾಯಿತು. ಬಿಟ್ಟಿ ಸಿಕ್ಕಿತೆಂದು ಖುಷಿಪಡುವಂತಿಲ್ಲ. ಒಳಗೆ ಜಾಗವಿಲ್ಲದ ಆ ಅರ್ಧ ಲೀಟರು ಮುಚ್ಚಳದ ಸಂದಿನಿಂದ ಇಳಿದು, ದೋಣಿಯ ತಳ ಸೇರಿ, ಅತ್ತಿಗೆಗೆಂದು ಕಟ್ಟಿಟ್ಟ ಹಲಸಿನ ಹಪ್ಪಳವನ್ನು ವಿಚಾರಿಸಿಕೊಂಡಿತು. ಅತ್ತಿಗೆ ಒಳ್ಳೆಯವರು. ‘ಹಪ್ಪಳ ಲಾಯ್ಕ್ ಇತ್ತ್, ಕರಿಯೂಕೆ ಬೇರೆ ಎಣ್ಣೆ ಬ್ಯಾಡ’ ಎಂದಷ್ಟೇ ಹೇಳಿ ಕಳಿಸಿದರು.

ಹತ್ತರಲ್ಲಿ ಒಂದು ಪಾಲು ಖಾಲಿ ಬಿಡಬೇಕು, 24ರ ಟ್ಯಾಂಕಿಗೆ 21 ದಾಟಬಾರದು ಎಂಬ ಕಾನೂನು ಅಂದೇ ಜಾರಿಗೆ ಬಂತು. ಆದರೆ ಪಾಲಿಸುವುದು ಸುಲಭವಲ್ಲ. ಬಂಕಿನ ನಳಿಕೆಯ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲು ಮೇಲೆ ಬಂದು ಆ ತೂತನ್ನು ಮುಚ್ಚಿದೊಡನೆ ಗಾಳಿ ಎಳೆಯುವುದು ನಿಂತು ‘ಟಕ್’ ಎಂದು ಧಾರೆ ಬಂದಾಗುತ್ತದೆ. ನಮ್ಮ ಕೈಗಿಂತ ಬುದ್ಧಿವಂತ ತೂತು ಅದು. ಆದರೆ ಅದಕ್ಕೆ ಗೊತ್ತಿರುವುದು ಎಲ್ಲಿ ಉಕ್ಕುತ್ತದೆಂಬುದು ಮಾತ್ರ, ಎಲ್ಲಿ ನಿಲ್ಲಬೇಕೆಂಬುದಲ್ಲ. ಇನ್ನು ನಮ್ಮ ಕಡೆಯ ಸಂಪ್ರದಾಯವಂತೂ ಆ ‘ಟಕ್’ ಆದಮೇಲೆಯೇ ಶುರುವಾಗುವುದು. ಮೀಟರಿನಲ್ಲಿ 2,387 ರೂಪಾಯಿ ಎಂದು ಕಂಡರೆ ಯಾವ ಮನುಷ್ಯನಿಗೆ ಸಮಾಧಾನವಾದೀತು? ‘ರೌಂಡ್ ಮಾಡ್ ಮಾರಾಯಾ’ ಎನ್ನುವುದು ನನ್ನ ಬಾಯಿಂದ ತಾನಾಗಿ ಬರುತ್ತದೆ. ಆ 13 ರೂಪಾಯಿಯ ಪೆಟ್ರೋಲಿನಲ್ಲಿ ಸ್ವಲ್ಪ ಟ್ಯಾಂಕಿನೊಳಗೆ, ಉಳಿದದ್ದು ನನ್ನ ಪಂಚೆಯ ಮೇಲೆ. ಹಾಗೆ ಲೆಕ್ಕ ಸರಿಮಾಡಿಕೊಂಡು ಬಂದ ದಿನ ಮೊಮ್ಮಗನೂ ನನ್ನ ತೊಡೆ ಹತ್ತುವುದಿಲ್ಲ.

ಟ್ಯಾಂಕನ್ನು ಎಲ್ಲಿಟ್ಟು ತುಂಬಿಸಬೇಕು ಎಂಬುದೂ ಒಂದು ಶಾಸ್ತ್ರ. ಸ್ಕೂಟರಿನ ಕಾಲಿಡುವ ಜಾಗದಲ್ಲಿ, ರಬ್ಬರ್ ಮ್ಯಾಟಿನ ಮೇಲೆ ಇಟ್ಟೇ ತುಂಬಿಸಬಾರದು. ಹರಿಯುವ ಪೆಟ್ರೋಲಿನಿಂದ ಸ್ಥಾಯಿ ವಿದ್ಯುತ್ತು ಕೂಡಿಕೊಂಡು ಕಿಡಿ ಹಾರಬಹುದು. ನೆಲಕ್ಕಿಳಿಸಿ, ನಳಿಕೆಯನ್ನು ಟ್ಯಾಂಕಿನ ಬಾಯಿಗೆ ತಾಗಿಸಿಕೊಂಡೇ ಹಿಡಿಯಬೇಕು. ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತಿಸುವ ಪ್ರಯೋಗ ಮಾಡಿಸಿದ ಮಾಸ್ಟ್ರಿಗೆ ಇದು ತಾನಾಗಿ ಹೊಳೆಯಬೇಕಿತ್ತು. ಹೇಳಿಕೊಟ್ಟವನು ಬಂಕಿನ ಹುಡುಗ. ‘ನೀವೇ ಕಲ್ಸದ್ದಲ್ದಾ ಮಾಸ್ಟ್ರೆ?’ ಎಂದ. ವಿಜ್ಞಾನದಲ್ಲಿ ಅವನನ್ನು ಫೇಲು ಮಾಡಿದ್ದು ನಾನೇ.

ದೋಣಿಯೊಳಗೆ ಕೂತು ತುಂಬಿಸುವುದು ಇನ್ನೂ ಕೆಟ್ಟದ್ದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗುವುದಿಲ್ಲ. ದೋಣಿಯ ತಳದಲ್ಲಿ, ಹಲಗೆಗಳಡಿ ಕೂತು, ಯಾರಾದರೂ ಬೀಡಿ ಹಚ್ಚುವುದನ್ನು ಕಾಯುತ್ತದೆ. ನಮ್ಮ ದೋಣಿ ಹತ್ತುವ ಗಂಡಸರಲ್ಲಿ ಅರ್ಧಕ್ಕರ್ಧ ಜನ ಹತ್ತಿದೊಡನೆ ಮಾಡುವ ಮೊದಲ ಕೆಲಸವೇ ಅದು. ಹಾಗಾಗಿ ಟ್ಯಾಂಕು ದಡಕ್ಕಿಳಿಯಬೇಕು, ತುಂಬಿ, ಒರೆಸಿಕೊಂಡು, ಮುಚ್ಚಳ ಬಿಗಿಸಿಕೊಂಡೇ ದೋಣಿ ಹತ್ತಬೇಕು. ತುಂಬಿದ 24 ಲೀಟರಿನ ಟ್ಯಾಂಕು ಎತ್ತಿ ಪಾಚಿಗಟ್ಟಿದ ಮೆಟ್ಟಿಲು ಇಳಿಯುವಾಗ ನನ್ನ ಸೊಂಟ ಹೇಳುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. 21 ಲೀಟರಿನ ಕಾನೂನನ್ನು ನಾನು ಕೊನೆಗೂ ಮನಸಾರೆ ಒಪ್ಪಿದ್ದು ಭೌತಶಾಸ್ತ್ರದಿಂದಲ್ಲ, ಸೊಂಟದಿಂದ.

ಮುಚ್ಚಳದ ಮೇಲೊಂದು ಪುಟ್ಟ ತಿರುಪು ಇದೆ, ಗಾಳಿಗೆಂದು. ಸಾಗಿಸುವಾಗ ಬಿಗಿ, ಎಂಜಿನ್ ಓಡುವಾಗ ಸಡಿಲ. ಇಷ್ಟೇ. ಈ ಇಷ್ಟೇ ಎಂಬುದನ್ನು ನಾನು ಉಲ್ಟಾ ಮಾಡದ ದಿನ ಅಪರೂಪ. ಸಡಿಲ ಬಿಟ್ಟು ಸ್ಕೂಟರಿನಲ್ಲಿ ತಂದರೆ ದಾರಿಯುದ್ದಕ್ಕೂ ಪೆಟ್ರೋಲಿನ ರಂಗೋಲಿ. ಬಿಗಿಸಿಟ್ಟು ದೋಣಿ ಹೊರಡಿಸಿದರೆ ಒಳಗೆ ಗಾಳಿಯಿಲ್ಲದೆ ಟ್ಯಾಂಕಿನ ಹೊಟ್ಟೆ ಒಳಕ್ಕೆ ಬೀಳುತ್ತದೆ, ಎಂಜಿನ್ ಎರಡು ಸಲ ಕೆಮ್ಮಿ ನಡುಹೊಳೆಯಲ್ಲಿ ನಿಲ್ಲುತ್ತದೆ. ಮದುವೆಗೆಂದು ಕಾಂಜೀವರಂ ಉಟ್ಟ ಹೆಂಡತಿ ಎದುರಿಗೆ, ಇಳಿತದ ನೀರು ಅಳಿವೆಯ ಕಡೆಗೆ ಎಳೆಯುತ್ತಿದೆ, ದಡದಲ್ಲಿ ವಾಲಗ ಕೇಳುತ್ತಿದೆ. ಆಗ ‘ವಾತಾವರಣದ ಒತ್ತಡ’ ಎಂಬ ವಿಷಯದ ಮೇಲೆ ಪಾಠ ಶುರುಮಾಡುವುದು ವಿವೇಕವಲ್ಲ.

ಎಷ್ಟು ಜಾಗ್ರತೆ ಮಾಡಿದರೂ ಒಂದು ಚೂರು ಹೊಳೆಗೆ ಬಿದ್ದೇ ಬೀಳುತ್ತದೆ. ಬಿದ್ದದ್ದರಲ್ಲಿ ಪೆಟ್ರೋಲು ಬೇಗ ಆರಿಹೋಗುತ್ತದೆ. 50ಕ್ಕೆ 1ರಂತೆ ಬೆರೆಸಿದ ಎಂಜಿನ್ ಆಯಿಲ್ ಮಾತ್ರ ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡಿ, ತಪ್ಪು ಯಾರದೆಂದು ಊರಿಗೆಲ್ಲ ಸಾರುತ್ತದೆ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ಅದನ್ನು ನೋಡುತ್ತಿದ್ದಾಗ ನಾನು ಬೆಂಜಮಿನ್ ಫ್ರಾಂಕ್ಲಿನ್ನರನ್ನು ಕರೆತಂದೆ. ಲಂಡನ್ನಿನ ಕ್ಲಾಪಮ್ ಎಂಬಲ್ಲಿಯ ಕೆರೆಗೆ ಆ ಮಹಾನುಭಾವರು ಒಂದು ಟೀ ಚಮಚದಷ್ಟೇ ಎಣ್ಣೆ ಸುರಿದರು, ಅದು ಹರಡುತ್ತ ಹರಡುತ್ತ ಅರ್ಧ ಎಕರೆ ನೀರನ್ನು ನುಣುಪು ಮಾಡಿತು, 1774ರಲ್ಲಿ ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು ಎಂದೆ. ಅರ್ಧ ಎಕರೆ ಎಂದರೆ ನಮ್ಮ ಲೆಕ್ಕದಲ್ಲಿ 50 ಸೆಂಟ್ಸು, ಬರೀ ಒಂದು ಚಮಚಕ್ಕೆ!

‘ಆ ದೊರಿ ಹೆಂಡ್ತಿ ಆ ಕೆರಿಗಿಳ್ದ್ ಚಿಪ್ಪು ಹೆಕ್ಕುದಿತ್ತಾ?’ ಎಂದು ಕೇಳಿದಳು.

ಇತಿಹಾಸದಲ್ಲಿ ಉತ್ತರ ಇರಲಿಲ್ಲ. ನಮ್ಮ ಹೊಳೆಯ ಕಪ್ಪೆಚಿಪ್ಪು ನೀರು ಸೋಸಿ ಬದುಕುವ ಜೀವ. ನೀರಿಗೆ ಬಿದ್ದದ್ದು ಅದರ ಹೊಟ್ಟೆಗೂ, ಅಲ್ಲಿಂದ ನಮ್ಮ ಸುಕ್ಕಕ್ಕೂ ಬರುತ್ತದೆ. ಸಾಕ್ಷ್ಯನಾಶಕ್ಕೆಂದು ನಾನು ಪಾತ್ರೆ ತೊಳೆಯುವ ಲಿಕ್ವಿಡ್ ತಂದು ಸುರಿದೆ. ಬಣ್ಣ ಮಾಯವಾಯಿತು! ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ಮಗಳಿಗೆ ಹೆಮ್ಮೆಯಿಂದ ಫೋನು ಮಾಡಿದರೆ ಅವಳು ತಾಯಿಗಿಂತ ಒಂದು ಕೈ ಮೇಲು. ‘ಅಪ್ಪಯ್ಯಾ, ಸೋಪು ಹಾಕ್ರೆ ಎಣ್ಣೆ ಹೋಪುದಲ್ಲ, ಹನಿ ಹನಿ ಆಯಿ ನೀರಿನೊಳ್ಗೆ ಸೇರುದು. ಮೀನಿಗೆ ಎಣ್ಣೆಯೂ ವಿಷ, ಸೋಪೂ ವಿಷ. ಬೂರುಗದ ಅರಳೆ ಹಾಕಿ.’

ಬೂರುಗದ ಅರಳೆಯ ಎಳೆಗಳಿಗೆ ಮೇಣದ ಲೇಪ ಇರುತ್ತದೆ. ಅದಕ್ಕೆ ನೀರು ಹಿಡಿಸುವುದಿಲ್ಲ, ಎಣ್ಣೆ ಕಂಡರೆ ಬಿಡುವುದಿಲ್ಲ. ಹಳೆಯ ಕಾಲುಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ನೀರಿನ ಮೇಲೆ ತೇಲಬಿಟ್ಟರೆ ಬಣ್ಣವನ್ನು ಹೀರಿಕೊಳ್ಳುತ್ತದೆ. ಶಾಸ್ತ್ರ ಬಲು ಚೆನ್ನ. ತೊಡಕು ಒಂದೇ: ನಮ್ಮ ಮನೆಯಲ್ಲಿದ್ದ ಬೂರುಗದ ಅರಳೆಯೆಲ್ಲ ಹೆಂಡತಿ ತವರಿನಿಂದ ತಂದ ತಲೆದಿಂಬಿನೊಳಗಿತ್ತು. ಹೊಳೆ ಸ್ವಚ್ಛವಾಯಿತು. ಅಂದಿನಿಂದ ಅವಳ ತಲೆಯಡಿಗೆ ನನ್ನ ದಿಂಬು, ನನ್ನ ತಲೆಯಡಿಗೆ ಮಡಿಸಿದ ಹೊದಿಕೆ.

ಈಗ ನನ್ನನ್ನು ಒಂಟಿಯಾಗಿ ಟ್ಯಾಂಕಿನ ಹತ್ತಿರ ಬಿಡುವುದಿಲ್ಲ. ಕ್ಯಾನಿನಿಂದ ಟ್ಯಾಂಕಿಗೆ ಸುರಿಯಬೇಕಾದಾಗ ಭಾವ ಬಾಯಿಯಲ್ಲಿ ಪೈಪು ಎಳೆಯುವ ತಮ್ಮ ಹಳೆಯ ವಿದ್ಯೆ ತೋರಿಸಹೋದರೆ ತಂಗಿ ತಡೆಯುತ್ತಾಳೆ. ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಅದಕ್ಕೆಂದು ಕೈಪಂಪು ತಂದಾಗಿದೆ. ತೆಂಗಿನೆಣ್ಣೆಯ ಆಲಿಕೆಯನ್ನು ಮುಟ್ಟಕೂಡದು. ದೋಣಿಗೆ ಬೇರೆ ಆಲಿಕೆ. ಟ್ಯಾಂಕಿನ ಕುತ್ತಿಗೆಗೆ ಎಳೆಗೂಸಿಗೆ ಕಟ್ಟುವ ಜೊಲ್ಲುಬಟ್ಟೆಯ ಹಾಗೆ ಒಂದು ಚಿಂದಿ. ಆ ಚಿಂದಿ ಆಮೇಲೆ ಒಲೆಯ ಹತ್ತಿರ ಬರಬಾರದು, ಹೊರಗೆ ಗಾಳಿಗೇ ಒಣಗಬೇಕು. ನಾನು ಪಂಪು ಒತ್ತುತ್ತೇನೆ, ಅವಳು ಕಿವಿಗೊಟ್ಟು ನಿಲ್ಲುತ್ತಾಳೆ. ತುಂಬುತ್ತ ಬಂದ ಹಾಗೆ ಒಳಗಿನ ಗಾಳಿಯ ಜಾಗ ಕಿರಿದಾಗಿ ಸದ್ದಿನ ಶ್ರುತಿ ಏರುತ್ತದೆ. ಬಾವಿಕಟ್ಟೆಯಲ್ಲಿ ಕೊಡ ತುಂಬಿಸಿ ಪಳಗಿದ ಕಿವಿ ಅದು. ಸರಿಯಾಗಿ 21 ಲೀಟರಿಗೆ ‘ಸಾಕ್!’ ಎನ್ನುತ್ತಾಳೆ. ಅದರ ಮೇಲೆ ಒಂದು ತೊಟ್ಟು ಬಿದ್ದರೂ ಮೇಲ್ಮನವಿಗೆ ಅವಕಾಶವಿಲ್ಲ.

ಆದರೆ ಈ ‘ಸಾಕು’ ಟ್ಯಾಂಕಿಗಷ್ಟೇ ಸೀಮಿತ. ಊಟಕ್ಕೆ ಕೂತು ನಾನು ಸಾಕು ಎಂದರೆ ಅದಕ್ಕೆ ಇನ್ನೊಂದು ಸೌಟು ಎಂದೇ ಅರ್ಥ. ಮೊನ್ನೆ ಹಲಸಿನ ಹಣ್ಣಿನ ಕಡುಬಿನ ಮೇಲೆ ಕಡುಬು ಬೀಳುತ್ತಿದ್ದಾಗ ಧೈರ್ಯ ಮಾಡಿ ಕೇಳಿದೆ: ‘ಹತ್ರಲ್ಲ್ ಒಂದ್ ಪಾಲ್ ಹಿಗ್ಗೂಕೆ ಜಾಗ ಬಿಡ್ಕ್ ಅಂದದ್ದ್ ನೀನೇ ಅಲ್ದಾ ಮಾರಾಯ್ತಿ?’

ತುಪ್ಪ ಸುರಿಯುತ್ತಲೇ ಹೇಳಿದಳು: ‘ನೀವ್ ಲುಂಗಿ ಉಟ್ಕಂಡಿದ್ರಿ, ಸಡ್ಲ ಮಾಡ್ಕಣಿ. ಟ್ಯಾಂಕಿಗೆ ಆ ಸೌಕರ್ಯ ಇಲ್ಲೆ.’