ಬಾಯಿ ತೆಗೆಯಿರಿ, ಪ್ರಶ್ನೆ ಕೇಳಬೇಡಿ

ಕಾಶಿಗೆ ಬಂದ ಕನ್ನಡಿಗ ನೀರಿನ ವಿಷಯದಲ್ಲಿ ಮಹಾ ಜಾಣ. ಜಂಗಮವಾಡಿ ಮಠದ ಓಣಿಯಲ್ಲಿ ಬಾಟಲಿ ಕೊಂಡರೆ ಸೀಲು ನೋಡುತ್ತಾನೆ. ಚಾಟ್ ಅಂಗಡಿಯ ಲೋಟ ಮುಟ್ಟುವುದಿಲ್ಲ. ಗಂಗೆಯಲ್ಲಿ ಮಾತ್ರ ಮೂರು ಸಲ ಮುಳುಗುತ್ತಾನೆ. ಅದು ಶ್ರದ್ಧೆ, ಅದರ ತಂಟೆ ನನಗೆ ಬೇಡ.

ಅದೇ ಮನುಷ್ಯನಿಗೆ ಹಲ್ಲುನೋವು ಬರಲಿ. ಕ್ಲಿನಿಕ್ಕಿನಲ್ಲಿ ಎಸಿ ಇದೆ. ಟೈಲ್ಸ್ ಹೊಳೆಯುತ್ತಿವೆ. ಗುಂಡಿ ಒತ್ತಿದರೆ ಕುರ್ಚಿ ಮಲಗುತ್ತದೆ. ಸಾಕು, ನಂಬಿಕೆ ಬಂತು. ಬಾಯೊಳಗೆ ಚಿಮ್ಮುವ ನೀರು ಎಲ್ಲಿಯದೆಂದು ಕೇಳುವುದಿಲ್ಲ. ಕೇಳುವುದಾದರೂ ಹೇಗೆ, ಬಾಯಿ ತೆರೆದಿದೆಯಲ್ಲ.

ಆ ನೀರು ಬರುವುದು ಕುರ್ಚಿಯೊಳಗಿನ ಸಪೂರ ಪ್ಲಾಸ್ಟಿಕ್ ಕೊಳವೆಗಳಿಂದ. ರಾತ್ರಿಯಿಡೀ, ಭಾನುವಾರವಿಡೀ ಅಲ್ಲೇ ನಿಂತಿರುತ್ತದೆ. ಒಳಗೋಡೆಗೆ ಬ್ಯಾಕ್ಟೀರಿಯಾ ಅಂಟಿ ಲೋಳೆ ಕಟ್ಟುತ್ತದೆ. ಸ್ಯೂಡೋಮೊನಾಸ್, ಲೀಜಿಯೊನೆಲ್ಲಾ ಅಲ್ಲಿ ಸಂಸಾರ ಹೂಡುತ್ತವೆ. ಡ್ರಿಲ್ ನಿಮಿಷಕ್ಕೆ ಮೂರು ಲಕ್ಷ ಸುತ್ತು ತಿರುಗುವಾಗ ಹಲ್ಲು ಕಾಯದಿರಲೆಂದು ಅದೇ ನೀರು ತುಂತುರಾಗಿ ಬಾಯಿಗೆ, ಉಸಿರಿಗೆ. ಡಾಕ್ಟರಿಗೆ ಮಾಸ್ಕ್ ಇದೆ. ನಿಮಗಿಲ್ಲ.

ಉಪಕರಣಗಳೇನೋ ಆಟೋಕ್ಲೇವ್‌ನ ಹಬೆಯಲ್ಲಿ ಶುದ್ಧವಾಗಿ ಪೊಟ್ಟಣದಲ್ಲಿ ಬರುತ್ತವೆ. ನಿಮ್ಮೆದುರೇ ಹರಿಯುತ್ತಾರೆ, ನೋಡಿ ಕೃತಾರ್ಥರಾಗಿ. ಮರುಕ್ಷಣ ಆ ಉಪಕರಣವನ್ನೇ ಲೋಳೆಗಟ್ಟಿದ ಕೊಳವೆಗೆ ಸಿಕ್ಕಿಸುತ್ತಾರೆ. ಮಡಿಯುಟ್ಟು ಚರಂಡಿ ನೀರಲ್ಲಿ ಅನ್ನ ಬೇಯಿಸಿದ ಹಾಗೆ.

ಇದು ನಿನ್ನೆ ಮೊನ್ನೆಯ ಸಂಶೋಧನೆಯಲ್ಲ. ಬ್ರಿಟನ್ನಿನ ದಂತವೈದ್ಯ ಪತ್ರಿಕೆಯಲ್ಲಿ 1963ರಲ್ಲೇ ಬಂದಿತ್ತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2003ರಲ್ಲಿ ಗೆರೆ ಎಳೆಯಿತು: ಮಾಮೂಲು ಚಿಕಿತ್ಸೆಯ ನೀರಿನಲ್ಲಿ ಮಿಲಿಲೀಟರಿಗೆ ಬ್ಯಾಕ್ಟೀರಿಯಾ ಎಣಿಕೆ 500 ಮೀರಬಾರದು, ಶಸ್ತ್ರಕ್ರಿಯೆಗೆ ಕ್ರಿಮಿರಹಿತ ದ್ರವವೇ ಆಗಬೇಕು. 2011ರಲ್ಲಿ ಇಟಲಿಯ 82 ವರ್ಷದ ಮಹಿಳೆಯೊಬ್ಬರು ಹಲ್ಲಿನ ಕ್ಲಿನಿಕ್ಕಿನ ನೀರಿನಿಂದ ಲೀಜಿಯೊನೆಲ್ಲಾ ತಗುಲಿ ಸತ್ತರು.

ಇಟಲಿ ದೂರವಾಯಿತೇ? ವಾಣಿಯಂಬಾಡಿ ಬೆಂಗಳೂರು–ಚೆನ್ನೈ ದಾರಿಯಲ್ಲೇ ಸಿಗುತ್ತದೆ. ಅಲ್ಲಿನ ಒಂದು ಕ್ಲಿನಿಕ್ಕಿಗೆ ಹೋಗಿ ಬಂದ 10 ಮಂದಿಗೆ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಮಿದುಳಿಗೇರಿತು. 8 ಮಂದಿ ಸತ್ತರು. ಅಲ್ಲಿ ಕೊಲೆಗಾರ ಕೊಳವೆಯಲ್ಲ, ಸಲೈನ್ ಬಾಟಲಿ. ಶುದ್ಧ ಮಾಡದ ಉಪಕರಣದಿಂದ ತೆರೆದು, ಅರೆಬರೆ ಮುಚ್ಚಿ, ಮತ್ತೊಬ್ಬರಿಗೂ ಅದನ್ನೇ ಬಳಸಿದರು. ಇದೆಲ್ಲ ನಡೆದು ಮುಗಿದದ್ದು 2023ರಲ್ಲಿ. ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ವರದಿ ಬಂದು ದೇಶಕ್ಕೆ ಗೊತ್ತಾದದ್ದು 2025ರಲ್ಲಿ. ಎರಡು ವರ್ಷ ಬಲ್ಲವರು ಬಾಯಿ ಮುಚ್ಚಿಕೊಂಡಿದ್ದರು. ರೋಗಿಗಳು ತೆರೆಯುತ್ತಲೇ ಇದ್ದರು.

ಕಾಶಿಯ ಚೋದ್ಯ ಬೇರೆ. ಗಂಗಾ ಕ್ರಿಯಾ ಯೋಜನೆ 1986ರಲ್ಲಿ ಉದ್ಘಾಟನೆಯಾದದ್ದು ಇಲ್ಲೇ. ಅಂದಿನಿಂದ ಹೊಳೆ ಅಳೆಯುತ್ತಲೇ ಇದ್ದಾರೆ. ಸ್ನಾನದ ನೀರಿನಲ್ಲಿ ಮಲಜನ್ಯ ಕೋಲಿಫಾರ್ಮ್ 100 ಮಿಲಿಲೀಟರಿಗೆ 2,500 ಮೀರಬಾರದು. ಮೀರಿದರೆ ಟಿವಿಯಲ್ಲಿ ಜಗಳ, ಹಸಿರು ನ್ಯಾಯಮಂಡಳಿಯಲ್ಲಿ ವಿಚಾರಣೆ. ಓಣಿಯ ಕ್ಲಿನಿಕ್ಕಿನ ಮಾಳಿಗೆಯ ಮೇಲಿನ ಟ್ಯಾಂಕಿನ ಮುಚ್ಚಳ ಕಿತ್ತು ಕೋತಿ ಮುಳುಗು ಹಾಕಿದರೆ? ಕೆಳಗಿನ ಕುರ್ಚಿಯಲ್ಲಿ ಆ ನೀರೇ ಚಿಕಿತ್ಸೆ. ಬನಾರಸಿ ಪಾನ್‌ಗೆ 2023ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು. ಹಲ್ಲಿಗೆ ಕೆಂಪು ಬಳಿಯುವ ಪದಾರ್ಥಕ್ಕೆ ಸರ್ಕಾರಿ ಮುದ್ರೆ. ಆ ಹಲ್ಲು ತೊಳೆಯುವ ನೀರಿಗೆ ಯಾರ ಮುದ್ರೆ?

ಮದ್ದು ದುಬಾರಿಯೂ ಅಲ್ಲ. ಕುರ್ಚಿಗೆ ಪ್ರತ್ಯೇಕ ಬಾಟಲಿ, ಕೊಳವೆಗೆ ನಿಯಮಿತವಾಗಿ ಕ್ರಿಮಿನಾಶಕ, ಒಬ್ಬೊಬ್ಬ ರೋಗಿಯ ನಂತರ 20–30 ಸೆಕೆಂಡು ನೀರು ಹಾಯಿಸುವುದು, ಆಗಾಗ ಪರೀಕ್ಷೆ. ಇಂಪ್ಲಾಂಟ್‌ಗೆ ಹತ್ತಾರು ಸಾವಿರ ಬಿಲ್ ಬರೆಯುವ ಕೈಗೆ ಇಷ್ಟು ಭಾರ. ಕೇಳಿದರೆ ಸಿದ್ಧ ಉತ್ತರ: ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ. ಆಗಿದೆಯೋ ಎಂದು ಹುಡುಕಿದವರು ಯಾರು ಸ್ವಾಮಿ? ವಾರದ ಮೇಲೆ ಜ್ವರ ಬಂದವನು ಬೇರೆ ಡಾಕ್ಟರ ಹತ್ತಿರ ಹೋಗುತ್ತಾನೆ. ಅಲ್ಲಿ ಹಲ್ಲಿನ ಮಾತೇ ಬರುವುದಿಲ್ಲ.

ಹಾಗಾಗಿ ಕುರ್ಚಿ ಮಲಗುವ ಮೊದಲೇ ಕೇಳಿಬಿಡಿ. ನೀರು ಟ್ಯಾಂಕಿನದೋ ಬಾಟಲಿಯದೋ? ಕೊಳವೆಗೆ ಔಷಧಿ ಬಿಟ್ಟದ್ದು ಯಾವಾಗ? ಪರೀಕ್ಷೆಯ ವರದಿ ಎಲ್ಲಿ? ಡಾಕ್ಟರು ನಕ್ಕರೆ ಎದ್ದು ಬನ್ನಿ.