ಹಿತ್ತಲ ಗಡ್ಡಿಯ ವಕಾಲತ್ತು

ಗದಗ ಸೀಮೆಯವರಿಗೆ ಗಡ್ಡಿಯ ಮಹಿಮೆ ಹೇಳಹೋಗುವುದು ಉದ್ಧಟತನವೇ ಸರಿ. ಉಳ್ಳಾಗಡ್ಡಿ ದರ ಏರಿದರೆ ಕೊಳ್ಳುವವರು, ಇಳಿದರೆ ಬೆಳೆದವರು ಕಣ್ಣೀರಿಡುವ ನಾಡಿದು. ಹೆಚ್ಚುವವರ ಕಣ್ಣೀರಿಗಂತೂ ದರದ ಹಂಗಿಲ್ಲ. ಆದರೆ ಡಂಬಳದಂಥ ಊರಿನ ಹಿತ್ತಲಲ್ಲಿ ಬೆಳೆಯುವುದೆಲ್ಲ ಮುಗಿಲ ಕಡೆಗೇ: ನುಗ್ಗಿ, ಕರಿಬೇವು, ಹೀರಿಬಳ್ಳಿ. ಕೆಳಗಿನ ಅಂತಸ್ತು ಬಾಡಿಗೆಗೆ ಕೇಳುವವರಿಲ್ಲದೆ ಖಾಲಿ ಬಿದ್ದಿದೆ. ಅಲ್ಲಿ ಸುವರ್ಣಗಡ್ಡಿ, ಕೆಸುವಿನ ಗಡ್ಡಿ, ಮರಗೆಣಸುಗಳನ್ನು ಇಳಿಸಬೇಕೆಂಬುದು ನನ್ನ ವಾದ. ಆಲಸಿಗಳಿಗೆ ಇದಕ್ಕಿಂತ ಒಪ್ಪುವ ಕಾಯಿಪಲ್ಲೆ ಇಲ್ಲ. ಮೇಲೆ ಬೆಳೆದದ್ದಕ್ಕೆ ಪಾಲುದಾರರು ಬಹಳ: ಮಂಗ, ಅಳಿಲು, ಆಡು, ಜೊತೆಗೆ ‘ಎರಡ ಕಾಯಿ ಹರಕೋತೀನ್ರೀ ಅಕ್ಕಾರ’ ಎನ್ನುತ್ತ ಚೀಲ ಹಿಡಿದು ಬರುವವರು. ಗಡ್ಡಿಯ ಗುಟ್ಟು ಹಂದಿ, ಹೆಗ್ಗಣಗಳಿಗಷ್ಟೇ ಗೊತ್ತು. ಇಂದು ಹಣ್ಣಾದ ಟೊಮೆಟೊ ನಾಳಿದ್ದಿಗೆ ಕೊಳೆಯುತ್ತದೆ; ಸುವರ್ಣಗಡ್ಡಿಯೋ, ಎಲೆ ಒಣಗಿ ಬಿದ್ದ ಮೇಲೂ ನೀವು ಗುದ್ದಲಿ ಹುಡುಕುವ ತನಕ ಮಣ್ಣಲ್ಲೇ ಕಾದಿರುತ್ತದೆ. ಫ್ರಿಜ್ಜಿನ ಕರೆಂಟು ಬಿಲ್ಲೂ ಉಳಿಯಿತು.

ಅದರ ರೂಪ ನೋಡಿ ಮೂಗು ಮುರಿಯುವವರಿದ್ದಾರೆ. ಮೈತುಂಬ ಗಂಟು, ಗುಳಿ, ಅಂಟಿದ ಮಣ್ಣು. ಎಲ್ಲಿಂದ ಹೆಚ್ಚಲು ಶುರು ಮಾಡಬೇಕೆಂದು ಈಳಿಗೆಮಣೆಗೂ ತಿಳಿಯುವುದಿಲ್ಲ. ಬೇರೆ ಊರವರು ಹೀಗೆಂದರೆ ಕೇಳಿಕೊಳ್ಳಬಹುದು. ನಕ್ಷತ್ರದಂತೆ 24 ಮೂಲೆ ಚಾಚಿ ನಿಂತ ದೊಡ್ಡಬಸಪ್ಪನ ಗುಡಿಯನ್ನು ಹೆಮ್ಮೆಯಿಂದ ತೋರಿಸುವ ಡಂಬಳದವರು ‘ಗಡ್ಡಿ ನೆಟ್ಟಗಿಲ್ಲ’ ಎನ್ನಬಾರದು. ತುರಿಕೆಯ ತಕರಾರು ಮಾತ್ರ ನ್ಯಾಯವಾದದ್ದು. ಸುವರ್ಣಗಡ್ಡಿಯಲ್ಲೂ ಕೆಸುವಿನಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅವು ಕೈಗೂ ಗಂಟಲಿಗೂ ಚುಚ್ಚುವುದರಿಂದಲೇ ಕೆರೆತ. ಹುಣಸಿಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಅವುಗಳ ಸೊಕ್ಕು ಇಳಿಯುತ್ತದೆ. ಹುಣಸಿಗೆ ಬರ ಬಂದ ಅಡುಗೆಮನೆ ನಮ್ಮ ಕಡೆ ಎಲ್ಲಿದೆ? ಮರಗೆಣಸಿಗೆ ಬೇರೆ ಶಿಸ್ತು: ಅದರಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ಹಸಿಯಾಗಿ ಕಡಿಯಕೂಡದು, ಸಿಪ್ಪೆ ತೆಗೆದು, ತುಂಡು ಮಾಡಿ, ಬೇಯಿಸಿದ ನೀರು ಬಸಿಯಬೇಕು. ಸುವರ್ಣಗಡ್ಡಿಯನ್ನು ಆಯುರ್ವೇದ ಮೂಲವ್ಯಾಧಿಗೆ ಹೇಳುತ್ತದೆ. ದೊಡ್ಡ ಗುಣವೇ, ಆದರೆ ಬೀಗರಿಗೆ ಬಡಿಸುವಾಗ ಹೇಳಿಕೊಳ್ಳುವಂಥದ್ದಲ್ಲ.

‘ಇದೆಲ್ಲ ಮಲೆನಾಡಿನವರ ಆಟ’ ಎಂಬ ಆಕ್ಷೇಪವೂ ಇದೆ. ನಿಜ, ಜೋಯಿಡಾದ ಕುಣಬಿಗಳು ಗಡ್ಡೆ-ಗೆಣಸಿನ ಮೇಳವನ್ನೇ ನಡೆಸುತ್ತಾರೆ. ಅವರ ಮಳೆಯ ಮುಂದೆ ನಮ್ಮ 600 ಮಿ.ಮೀ. ಆಸುಪಾಸಿನ ಮಳೆ ಬರೀ ತುಂತುರು. ಎರಿ ಮಣ್ಣೂ ಸುಲಭದ್ದಲ್ಲ: ಮಳೆಗಾಲದಲ್ಲಿ ಚಪ್ಪಲಿ ನುಂಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಿದ್ದ ಬೀಗದ ಕೈಯನ್ನೂ ನುಂಗುತ್ತದೆ. ಆದರೆ ನಾನು ಎಕರೆಗಟ್ಟಲೆ ಹಚ್ಚಿರೆಂದು ಹೇಳುತ್ತಿಲ್ಲ. ಕೆಸುವಿಗೆ ಬಚ್ಚಲ ನೀರು ಹರಿವ ಮೂಲೆ ಸಾಕು. ಉಳಿದವಕ್ಕೆ ಒಂದು ತಗ್ಗು ತೋಡಿ, ಮಸಾರಿ ಮಣ್ಣು, ತಿಪ್ಪಿಗೊಬ್ಬರ ಬೆರೆಸಿ ತುಂಬಿದರಾಯಿತು. ತಗ್ಗು ತೋಡಲೂ ಬೇಸರವೆಂದರೆ ಹಳೆಯ ಗೊಬ್ಬರದ ಚೀಲವಿದೆ. ‘ಗಡ್ಡಿ ಬೇಕಂದ್ರ ಕಪ್ಪತಗುಡ್ಡಕ್ಕ ಹೋಗಿ ಅಗದ್ರಾತು’ ಎನ್ನುವ ಜಾಣರಿಗೆ ಒಂದು ಮಾತು: ಗುಡ್ಡ 2019ರಿಂದ ವನ್ಯಜೀವಿ ಧಾಮ. ಗುದ್ದಲಿ ಹಿತ್ತಲಲ್ಲೇ ಇರಲಿ.

ಕೊನೆಯ ಆಕ್ಷೇಪ ಹಿರಿಯರದು: ‘ನಮ್ಮವರು ತಿಂದದ್ದಲ್ಲ.’ ಹಾಗಾದರೆ ಬಟಾಟಿ, ಶಿವರಾತ್ರಿಯ ಗೆಣಸು, ಮಿರ್ಚಿಭಜಿಯ ಮೆಣಸಿನಕಾಯಿ ಎಲ್ಲವನ್ನೂ ಅಮೆರಿಕ ಖಂಡಕ್ಕೆ ಮರಳಿ ಕಳಿಸಬೇಕಾಗುತ್ತದೆ. ಗದಗಿನಲ್ಲಿ ಮಿರ್ಚಿಯಿಲ್ಲದ ಸಂಜೆಯನ್ನು ಯಾವ ಹಿರಿಯರು ತಡೆದಾರು? ಮರಗೆಣಸೂ ಅಮೆರಿಕ ಖಂಡದಿಂದಲೇ ಬಂದದ್ದು. 1880ರ ದಶಕದಲ್ಲಿ ತಿರುವಾಂಕೂರಿನ ವಿಶಾಖಂ ತಿರುನಾಳ್ ಮಹಾರಾಜರು ಅದರ ಬೆನ್ನಿಗೆ ನಿಂತರು, ಮಲಯಾಳಿಗಳ ತಟ್ಟೆಯಲ್ಲಿ ಅದು ಈಗ ಮನೆಮಗ. ಏಷ್ಯಾದ್ದೇ ಆದ ಸುವರ್ಣಗಡ್ಡಿಯನ್ನು ಪರದೇಶಿಯೆಂದು ಬಾಗಿಲಲ್ಲಿ ನಿಲ್ಲಿಸುವುದು ವಿಚಿತ್ರ. ಅದರಲ್ಲೂ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಲ್ಲಿ ಎಲ್ಲ ಜಾತಿಯ ಮನೆಗಳ ರೊಟ್ಟಿಯೂ ಒಟ್ಟಿಗೆ ಕೂಡುವ ಊರಿನಲ್ಲಿ! ಜೋಳದ ರೊಟ್ಟಿಯ ಮಗ್ಗುಲಿಗೆ ಇದರ ಹುಳಿಪಲ್ಲೆ ಧಾರಾಳವಾಗಿ ಕೂತೀತು.

ಬಸವ ಜಯಂತಿ ಹೊತ್ತಿಗೆ ಸುವರ್ಣಗಡ್ಡಿಯ ಮೊಳಕೆಗಣ್ಣಿರುವ ಅರ್ಧ ಕಿಲೋದ ಒಂದು ತುಂಡು ಹೂಳಿ ನೋಡಿ; ಎಂಟು-ಒಂಬತ್ತು ತಿಂಗಳಿಗೆ ತಯಾರು. ಮರೆತು ವರ್ಷಗಟ್ಟಲೆ ಬಿಟ್ಟರೆ ಕೊಳೆತ ಮಾಂಸದ ನಾತದ ಹೂ ಬಿಟ್ಟು ಓಣಿಗೆಲ್ಲ ನೆನಪಿಸುತ್ತದೆ. ಅಷ್ಟಾಗುವ ಮೊದಲೇ ಅಗೆಯಿರಿ. ಹೆಚ್ಚುವ ಮುನ್ನ ಕೈಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.