ಟೊಮೇಟೊ ಎಂಬ ಅಳಿಯ

ಕರಾವಳಿಯ ಅಂಗಳದಲ್ಲಿ ಏನು ಹಾಕಿದರೂ ಬರುತ್ತದೆ. ಬಸಳೆ ಚಪ್ಪರ ಹತ್ತುತ್ತದೆ, ಅಲಸಂಡೆ ಬೇಲಿ ಹತ್ತುತ್ತದೆ, ತೊಂಡೆ ಪಕ್ಕದ ಮನೆಯವರ ಮಾವಿನ ಮರವನ್ನೇ ಹತ್ತಿಬಿಡುತ್ತದೆ. ಆದರೆ ಮನೆಗೆ ಬಂದವರಿಗೆ ಯಜಮಾನರು ಇದ್ಯಾವುದನ್ನೂ ತೋರಿಸುವುದಿಲ್ಲ. ಕೈಹಿಡಿದು ಕರೆದೊಯ್ಯುವುದು ಕುಂಡದಲ್ಲಿ ಕೋಲಿಗೊರಗಿ ನಿಂತ ಆ ಒಂದು ಟೊಮೇಟೊ ಗಿಡದ ಮುಂದೆ. ಬಸಳೆ ಮನೆಮಗಳು, ಟೊಮೇಟೊ ಅಳಿಯ.

ಅಳಿಯನ ಬೇಡಿಕೆಗಳನ್ನು ಕೇಳಬೇಡಿ. ಹಗಲಿನ ಬಿಸಿಲನ್ನು ಹೇಗೋ ತಡೆದುಕೊಂಡಾನು, ರಾತ್ರಿ ಮಾತ್ರ ತಂಪಿರಬೇಕು. 20 ಡಿಗ್ರಿಯ ಆಸುಪಾಸು ಇದ್ದರೆ ಸಂತೋಷ. 25ರತ್ತ ಏರಿತೋ, ಹೂವುದುರಿಸಿ ಮುನಿಸು. ಮಂಗಳೂರಿನ ಏಪ್ರಿಲ್ ರಾತ್ರಿ ನಮಗೇ ನಿದ್ದೆ ಹತ್ತುವುದಿಲ್ಲ! ಯುಗಾದಿಗೆ ಸಸಿ ನೆಟ್ಟು, ಕಾಯಿ ಕಾಣದಾದಾಗ ‘ಗೊಬ್ಬರ ಸಾಲದೇನೋ’ ಎಂದು ಇನ್ನೊಂದು ಬುಟ್ಟಿ ಸುರಿಯುತ್ತಾರೆ. ಸಾರಜನಕ ಹೆಚ್ಚಾಗಿ ಎಲೆಯೋ ಎಲೆ. ಅದರ ತಂಬುಳಿ ಮಾಡುವಂತೆಯೂ ಇಲ್ಲ. ನವರಾತ್ರಿ ಕಳೆದು ನೆಡಿ ಮಾರಾಯ್ರೇ, ಹೂ ಬಿಡುವ ಹೊತ್ತಿಗೆ ಡಿಸೆಂಬರಿನ ಚಳಿ (ನಾವು ಚಳಿ ಎಂದು ಕರೆಯುವ ಆ ಸಂಗತಿ) ಬಂದಿರುತ್ತದೆ. ಬೆಳಿಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲನೆ ತಟ್ಟಿ. ಪರಾಗ ಅಲ್ಲೇ ಉದುರಿ ಕಾಯಿ ಕಚ್ಚುತ್ತದೆ.

ಇನ್ನೇನು ಎನ್ನುವಾಗ ಸೊರಗು ರೋಗ. ಎಲೆ ಹಸಿರಾಗಿರುವಾಗಲೇ ಗಿಡ ಜೋತುಬೀಳುತ್ತದೆ. ನೀರು ಹಾಕದ್ದು ಯಾರೆಂದು ಮನೆಯೊಳಗೆ ಜಗಳ ಶುರುವಾಗುವ ಮೊದಲು ಬುಡದ ಕಾಂಡ ಕತ್ತರಿಸಿ ಲೋಟದ ನೀರಿಗೆ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ. ನಮ್ಮ ಹುಳಿಮಣ್ಣು, ಸೆಕೆ, ತೇವ ಮೂರೂ ಅದಕ್ಕೆ ಪ್ರಿಯ. ಜಾಣರು ಈ ರೋಗ ತಡೆಯುವ, ಹೆಸರಘಟ್ಟದ ಅರ್ಕಾ ರಕ್ಷಕ್ ತಳಿ ತರುತ್ತಾರೆ. ಇನ್ನೂ ಜಾಣರು ಬದನೆಯ ಬೇರಿಗೇ ಟೊಮೇಟೊ ಕಸಿ ಕಟ್ಟುತ್ತಾರೆ. ಮಟ್ಟುಗುಳ್ಳವೆಂಬ ಬದನೆ ಜಿಐ ಮಾನ್ಯತೆ ಪಡೆದು ಮೆರೆಯುತ್ತಿದ್ದರೂ ಆ ಕುಲಕ್ಕೆ ಈ ಅಳಿಯನನ್ನು ಹೊರುವ ಚಾಕರಿ ತಪ್ಪಲಿಲ್ಲ, ನೋಡಿ.

ಹುಳಿಗೇನು ನಮ್ಮಲ್ಲಿ ಬರವೇ? ಬಿಂಬುಳಿ, ಅಂಬಟೆ, ಪುನರ್ಪುಳಿ ಹಿತ್ತಲಲ್ಲಿ ಉದುರಿ ಕೊಳೆಯುತ್ತವೆ. ಆದರೂ ಆ ಐದಾರು ಕಾಯಿ ಕೆಂಪೇರುವುದನ್ನೇ ಕಾಯುತ್ತ ಕೂರುತ್ತೇವೆ. ಅತ್ತ ಅಡುಗೆಮನೆಯಲ್ಲಿ ಕೋಲಾರದ ಟೊಮೇಟೊದಲ್ಲಿ ಸಾರು ಕುದಿಯುತ್ತಿರುತ್ತದೆ. ನಮ್ಮ ಕಾಯಿಯನ್ನು ಬಣ್ಣ ತಿರುಗಿದ ಕೂಡಲೇ ಕೊಯ್ದು ಒಳಗಿಟ್ಟರೆ ತಾನಾಗಿ ಹಣ್ಣಾಗುತ್ತದೆ. ‘ಗಿಡದಲ್ಲೇ ಪೂರ್ತಿ ಹಣ್ಣಾಗಲಿ, ಇನ್ನೆರಡು ದಿನ ನೋಡೋಣ’ ಎಂದಿರೋ, ಪಿಕಳಾರ ನೋಡಿಕೊಳ್ಳುತ್ತದೆ.